ಟೈರಿನ ನೀರು ತೆಗೆಯುವವರು ಯಾರು?

ಮಾನ್ಯ ಸಂಪಾದಕರೇ,

ಕಡಲೆ, ಜೋಳದ ಸುಗ್ಗಿ ಮುಗಿದು ಎರೆ ಹೊಲಗಳಲ್ಲಿ ಮಣ್ಣು ಮಗುಚಿ ಹಾಕುವ ಪಲ್ಟಿ ನೇಗಿಲಿನ ಉಳುಮೆ ಶುರುವಾಯಿತೆಂದರೆ ನಮ್ಮ ಭಾಗದ ಪಂಕ್ಚರ್ ಅಂಗಡಿಗಳ ಮುಂದೆ ಟ್ರ್ಯಾಕ್ಟರ್‌ಗಳು ಸಾಲುಗಟ್ಟುತ್ತವೆ. ತೂಕ ಹೆಚ್ಚಿ ಹಿಡಿತ ಸಿಗಲೆಂದು ಹಿಂದಿನ ಎರಡೂ ದೊಡ್ಡ ಗಾಲಿಗಳ ಟ್ಯೂಬಿಗೆ ನೀರು ತುಂಬಿಸಿಕೊಂಡು ಹೊಲಕ್ಕೆ ಹೋಗುವುದು ಈಗ ಸಾಮಾನ್ಯ ರೂಢಿ. ಅದು ತಪ್ಪೆಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಎಂಟು ವರ್ಷಗಳಿಂದ ನಾನೂ ತುಂಬಿಸುತ್ತಿದ್ದೇನೆ. ಆದರೆ ಹೀಗೆ ತುಂಬಿಸಿದ ನೀರನ್ನು ಉಳುಮೆ ಮುಗಿದ ಮೇಲೆ ತೆಗೆಯುವ ಪದ್ಧತಿ ನಮ್ಮಲ್ಲಿ ಇಲ್ಲವೇ ಇಲ್ಲ ಎಂಬುದು ನನ್ನ ತಕರಾರು.

ಎಂಜಿನ್ನಿಗೆ ಎಷ್ಟೇ ಬಲವಿದ್ದರೂ ಅದು ನೆಲಕ್ಕೆ ಮುಟ್ಟಬೇಕಾದದ್ದು ಹಿಂದಿನ ಗಾಲಿಗಳ ಮೂಲಕ, ಮತ್ತು ಆ ಗಾಲಿಗಳಿಗೆ ಹಿಡಿತ ಸಿಗುವುದು ಅವುಗಳ ಮೇಲೆ ಬಿದ್ದ ತೂಕದಿಂದ. ತೂಕ ಸಾಲದಿದ್ದರೆ ಗಾಲಿ ಸುತ್ತುತ್ತಲೇ ಇರುತ್ತದೆ, ಟ್ರ್ಯಾಕ್ಟರ್ ಮಾತ್ರ ಅದಕ್ಕೆ ತಕ್ಕಷ್ಟು ಮುಂದೆ ಸರಿಯುವುದಿಲ್ಲ. ಡೀಸೆಲ್ ಉರಿಯುತ್ತದೆ, ಟೈರಿನ ಹಲ್ಲು ಸವೆಯುತ್ತದೆ. ನಮ್ಮ ಕಡೆಯ ಅನೇಕ ಟ್ರ್ಯಾಕ್ಟರ್‌ಗಳಿಗೆ ಇರುವ 13.6–28 ಅಳತೆಯ ಟೈರಿನಲ್ಲಿ ಮುಕ್ಕಾಲು ಭಾಗ ತುಂಬಿದರೆ ಸುಮಾರು 200 ಲೀಟರ್ ನೀರು ಹಿಡಿಯುತ್ತದೆ. ಎಂದರೆ ಎರಡು ಗಾಲಿಗೆ ನಾಲ್ಕು ಕ್ವಿಂಟಲ್ ತೂಕ ಹೆಚ್ಚುಕಡಿಮೆ ಪುಕ್ಕಟೆ ಸಿಕ್ಕಂತೆ. ಗಾಲಿಗೆ ಕಟ್ಟುವ ಅಷ್ಟೇ ತೂಕದ ಬೀಡು ಕಬ್ಬಿಣದ ವೇಟುಗಳನ್ನು ಕೊಳ್ಳಲು ಹೋದರೆ ಎಷ್ಟಾಗುತ್ತದೆಂದು ಲೆಕ್ಕ ಹಾಕಿದ ರೈತ ನೀರಿನ ಕಡೆಗೇ ವಾಲುವುದು ಸಹಜ.

ಗಾಲಿ ಜಾರುವುದನ್ನು ಕಣ್ಣಳತೆಯಲ್ಲಿ ನಿರ್ಧರಿಸಬೇಕಾಗಿಲ್ಲ. ಹೋದ ಬೇಸಿಗೆಯಲ್ಲಿ ನಾನು ಟೈರಿನ ಬದಿಗೆ ಸುಣ್ಣದ ಗೆರೆ ಎಳೆದು, ನೇಗಿಲು ಎತ್ತಿಕೊಂಡು ಹೊಲದಲ್ಲಿ ಟ್ರ್ಯಾಕ್ಟರ್ ನಡೆಸಿದೆ. ಮಗ ಪಕ್ಕದಲ್ಲಿ ನಡೆಯುತ್ತ ಗೆರೆ ಹತ್ತು ಸಲ ನೆಲ ಮುಟ್ಟುವವರೆಗೆ ಎಣಿಸಿ ಗೂಟ ಹೊಡೆದ. ಅಳೆದರೆ 39 ಮೀಟರ್ ಇತ್ತು. ಅದೇ ಹೊಲದಲ್ಲಿ ನೇಗಿಲು ಇಳಿಸಿ ಉಳುತ್ತ ಮತ್ತೆ ಹತ್ತು ಸುತ್ತು ಎಣಿಸಿದಾಗ ಸಿಕ್ಕಿದ್ದು 29 ಮೀಟರ್ ಮಾತ್ರ. ಹತ್ತು ಮೀಟರ್ ಮಣ್ಣುಪಾಲು, ಶೇ 25ಕ್ಕಿಂತ ಹೆಚ್ಚು ಜಾರಾಟ! ನೀರು ತುಂಬಿಸಿದ ಮೇಲೆ ಅದೇ ನೇಗಿಲಿಗೆ, ಅದೇ ಆಳಕ್ಕೆ 34 ಮೀಟರ್ ಬಂತು. ಜಾರಾಟ ಶೇ 13ಕ್ಕೆ ಇಳಿಯಿತು. ಉಳುಮೆಯಲ್ಲಿ ಶೇ 8ರಿಂದ 15ರಷ್ಟು ಜಾರುವುದು ಇರಬೇಕಾದದ್ದೇ. ಒಂದಿಷ್ಟೂ ಜಾರದಂತೆ ತೂಕ ಹೇರಿದರೆ ಆ ಪೆಟ್ಟು ಗೇರಿಗೂ ಆಕ್ಸಲಿಗೂ ಬೀಳುತ್ತದೆ. ಟೇಪೊಂದು, ಸುಣ್ಣವಿಷ್ಟು, ಅರ್ಧ ಗಂಟೆಯ ಸಮಯ ಇದ್ದರೆ ಯಾರು ಬೇಕಾದರೂ ಮಾಡಬಹುದಾದ ಈ ಪರೀಕ್ಷೆಯನ್ನು ಟ್ರ್ಯಾಕ್ಟರ್ ಮಾರುವವರಾಗಲಿ, ಸರ್ವಿಸ್‌ಗೆ ಬರುವವರಾಗಲಿ ನನಗೆ ಒಮ್ಮೆಯೂ ಹೇಳಿಕೊಟ್ಟಿರಲಿಲ್ಲ.

ತುಂಬಿಸುವ ವಿಧಾನದಲ್ಲೂ ಎಡವಟ್ಟುಗಳಿವೆ. ಜ್ಯಾಕ್ ಕೊಟ್ಟು ಗಾಲಿ ಎತ್ತಿ, ವಾಲ್ವ್ ನೆತ್ತಿಯ ಮೇಲೆ ಬರುವಂತೆ ತಿರುಗಿಸಿಕೊಂಡು, ನೀರು ವಾಲ್ವಿನ ಮಟ್ಟಕ್ಕೆ ಬಂದು ಹೊರಚೆಲ್ಲಿದ ಕೂಡಲೇ ನಿಲ್ಲಿಸಬೇಕು. ವಾಲ್ವ್ ಇರುವುದು ರಿಮ್ಮಿನ ಬಳಿಯಾದ್ದರಿಂದ ಅದರ ಮೇಲಿನ ಕಾಲುಭಾಗ ತಾನಾಗಿಯೇ ಗಾಳಿಗೆ ಉಳಿಯುತ್ತದೆ. ಆಮೇಲೆ ಗಾಳಿ ತುಂಬಿ, ಟ್ರ್ಯಾಕ್ಟರ್‌ನ ಕೈಪಿಡಿಯಲ್ಲಿ ಹೇಳಿದ ಒತ್ತಡಕ್ಕೆ ತರಬೇಕು. ಇನ್ನಷ್ಟು ತೂಕ ಸಿಗಲೆಂದು ಗಾಳಿಗೆ ಜಾಗವೇ ಇಲ್ಲದಂತೆ ತುಂಬಿಸಿಕೊಳ್ಳುವವರನ್ನು ನೋಡಿದ್ದೇನೆ. ನೀರು ಗಾಳಿಯ ಹಾಗೆ ಅದುಮಿಕೊಳ್ಳುವ ವಸ್ತುವಲ್ಲ. ಕಲ್ಲಿನ ಮೇಲೋ ಬದುವಿನ ಮೇಲೋ ಗಾಲಿ ಹತ್ತಿದಾಗ ಏಟು ನೇರವಾಗಿ ಟೈರಿನ ಒಳಪದರಕ್ಕೆ ತಗಲುತ್ತದೆ. ಸರಿಯಾಗಿ ತುಂಬಿಸಿದಾಗಲೂ ಒಳಗಿರುವ ಗಾಳಿ ಸ್ವಲ್ಪವೇ ಆದ್ದರಿಂದ ಸಣ್ಣ ಸೋರಿಕೆಗೂ ಒತ್ತಡ ಬೇಗ ಇಳಿಯುತ್ತದೆ, ಹಾಗಾಗಿ ಗೇಜು ಹಿಡಿದು ಪದೇ ಪದೇ ನೋಡುತ್ತಿರಬೇಕು. ನೋಡುವಾಗಲೂ ವಾಲ್ವ್ ಮೇಲೆಯೇ ಇರಬೇಕು, ಇಲ್ಲದಿದ್ದರೆ ಗೇಜಿನೊಳಗೆ ನೀರು ನುಗ್ಗುತ್ತದೆ. ಇತ್ತೀಚೆಗೆ ಮೊಬೈಲ್ ವಿಡಿಯೊ ನೋಡಿ ನೀರಿಗೆ ಉಪ್ಪು ಬೆರೆಸಬೇಕೇ ಎಂದು ನನ್ನನ್ನು ಕೇಳಿದವರೂ ಇದ್ದಾರೆ. ಅಮೆರಿಕ, ಕೆನಡಾದಂಥ ಶೀತ ದೇಶಗಳಲ್ಲಿ ಟೈರಿನೊಳಗೆ ನೀರು ಹೆಪ್ಪುಗಟ್ಟದಿರಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ, ಅದು ಸೋರಿದಲ್ಲಿ ರಿಮ್ಮನ್ನು ತಿನ್ನುತ್ತದೆ. ಗದಗದ ಬಿಸಿಲಿಗೆ ಆ ಉಪಚಾರ ಏಕೆ?

ನೀರನ್ನು ವರ್ಷವಿಡೀ ಹೊತ್ತು ತಿರುಗುವುದರ ಅಪಾಯ ನನಗೆ ತಿಳಿದದ್ದು ಒಂದು ಜಾಲಿ ಮುಳ್ಳಿನಿಂದ. ಅಕ್ಟೋಬರ್‌ನಲ್ಲಿ ಬಿತ್ತನೆಯ ಗಡಿಬಿಡಿಯಲ್ಲಿ ಪಂಕ್ಚರ್ ಆಯಿತು. ಒಳಗೆ ನೀರಿರುವುದನ್ನು ಹೇಳಲು ನಾನು ಮರೆತೆ, ಅಂಗಡಿಯ ಹುಡುಗನೂ ಕೇಳಲಿಲ್ಲ. ಬೋಲ್ಟು ಬಿಚ್ಚಿ ಎಂದಿನಂತೆ ಒಬ್ಬನೇ ಗಾಲಿಯನ್ನು ಉರುಳಿಸಲು ಹೋದ. ಅದು ಅವನ ಕಡೆಗೇ ವಾಲಿತು. ಎದುರಿನ ಚಹಾದಂಗಡಿಯಲ್ಲಿದ್ದ ಇಬ್ಬರು ಓಡಿ ಬಂದು ಹಿಡಿಯದಿದ್ದರೆ ಟೈರು, ರಿಮ್ಮು ಸೇರಿ ಮೂರು ಕ್ವಿಂಟಲ್‌ಗೂ ಮೀರಿದ ಭಾರ ಅವನ ಕಾಲಿನ ಮೇಲೆ ಬೀಳುತ್ತಿತ್ತು. ತಪ್ಪು ಅವನದಲ್ಲ, ನನ್ನದು. ಮೇ ತಿಂಗಳಲ್ಲೇ ಖಾಲಿ ಮಾಡಬೇಕಿದ್ದ ನೀರು ಅದು.

ಅದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಬೇಸಿಗೆಯಲ್ಲಿ ಒಣಗಿ ಬಿರಿದ ಎರೆ ನೆಲ ನಾಲ್ಕು ಕ್ವಿಂಟಲ್ ಹೆಚ್ಚು ತೂಕವನ್ನು ತಡೆದುಕೊಳ್ಳುತ್ತದೆ. ಅದೇ ನೆಲ ಹಿಂಗಾರಿನಲ್ಲಿ ಹಸಿಯಾಗಿರುವಾಗ ಅದೇ ಗಾಲಿ ಓಡಿದರೆ, ಮೇಲಿನ ಮಣ್ಣು ಹರಗಿದಂತೆ ಕಂಡರೂ, ಕೆಳಗೊಂದು ಗಟ್ಟಿ ಪದರ ಕೂಡುತ್ತದೆ. ನೀರು ಇಂಗುವುದಿಲ್ಲ, ಬೇರು ಇಳಿಯುವುದಿಲ್ಲ. ಹಿಂಗಾರಿ ಜೋಳ, ಕಡಲೆಗಳು ನಿಂತಿರುವುದೇ ಭೂಮಿ ಹಿಡಿದಿಟ್ಟ ತೇವದ ಮೇಲೆ. ನಾವೇ ದುಡ್ಡು ಕೊಟ್ಟು ಆ ತೇವದ ದಾರಿ ಮುಚ್ಚುತ್ತಿದ್ದೇವೆ. ಮಣ್ಣು ಪುಡಿ ಮಾಡುವ ರೊಟವೇಟರ್ ಹೊಡೆಯುವಾಗಲಂತೂ ಈ ತೂಕ ಬೇಕೇ ಇಲ್ಲ, ಏಕೆಂದರೆ ಅದರ ಬ್ಲೇಡುಗಳು ತಿರುಗುತ್ತ ಟ್ರ್ಯಾಕ್ಟರನ್ನು ತಾವೇ ಮುಂದಕ್ಕೆ ನೂಕುತ್ತವೆ. ಸಿಂಧನೂರು, ಗಂಗಾವತಿ ಕಡೆಯ ಭತ್ತದ ಗದ್ದೆಯಲ್ಲಿ ಪಂಜರದಂಥ ಕಬ್ಬಿಣದ ಗಾಲಿ (ಕೇಜ್ ವೀಲ್) ಹಾಕಿ ಕೆಸರು ಮಾಡುವವರು ಟೈರಿನಲ್ಲಿ ನೀರು ಉಳಿಸಿಕೊಂಡರೆ ಹೂತುಹೋಗುವುದನ್ನು ತಾವೇ ಕರೆದುಕೊಂಡಂತೆ. ಕಬ್ಬಿನ ಎರಡು ಟ್ರೇಲರ್ ಕಟ್ಟಿಕೊಂಡು ಏರು ಹತ್ತುವಾಗ ಮುಂದಿನ ಗಾಲಿ ಎದ್ದರೆ ಹಿಂದೆ ನೀರು ತುಂಬಿಸುವ ಉಪಾಯ ಇನ್ನೂ ಕೆಟ್ಟದ್ದು: ಹಿಂದೆ ಹಿಡಿತ ಹೆಚ್ಚಾದಷ್ಟೂ ಮೂತಿ ಏಳುವ ಸಂಭವವೂ ಹೆಚ್ಚು. ಅಲ್ಲಿ ಬೇಕಾದದ್ದು ಮುಂದಿನ ಬಂಪರಿನ ತೂಕ ಮತ್ತು ಕಡಿಮೆ ಹೇರು.

ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯ ಟ್ರ್ಯಾಕ್ಟರ್ ಪರೀಕ್ಷಾ ವರದಿಗಳಲ್ಲಿ ಹೆಚ್ಚುವರಿ ತೂಕ ಇದ್ದಾಗ ಮತ್ತು ಇಲ್ಲದಿದ್ದಾಗ ಎಳೆಯುವ ಶಕ್ತಿ ಎಷ್ಟೆಂದು ಬೇರೆ ಬೇರೆಯಾಗಿ ಕೊಟ್ಟಿರುತ್ತಾರೆ. ಆ ಅಂಕಿಗಳು ಕನ್ನಡದಲ್ಲಿ ನಮ್ಮ ಹೊಲದವರೆಗೆ ಬರುವುದಿಲ್ಲ. 2014–15ರಲ್ಲಿ ಶುರುವಾದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳ ಮೂಲಕ ಒಂದೇ ಟ್ರ್ಯಾಕ್ಟರ್ ಇಂದು ಒಬ್ಬರ ಹೊಲದಲ್ಲಿ ಪಲ್ಟಿ ಹೊಡೆದು ನಾಳೆ ಇನ್ನೊಬ್ಬರ ಹೊಲಕ್ಕೆ ರೊಟವೇಟರ್ ಕಟ್ಟಿಕೊಂಡು ಹೋಗುತ್ತದೆ. ಅಂಥ ಟ್ರ್ಯಾಕ್ಟರ್‌ಗಳಿಗೆ ನೀರಿಗಿಂತ ಬಿಚ್ಚಿಡಬಹುದಾದ ಕಬ್ಬಿಣದ ವೇಟುಗಳೇ ಲೇಸು ಎಂಬುದು ನನ್ನ ಅಭಿಪ್ರಾಯ, ದುಬಾರಿಯಾದರೂ ಸರಿ. ಸ್ವಂತ ಟ್ರ್ಯಾಕ್ಟರ್ ಇಟ್ಟುಕೊಂಡವರಿಗಾಗಿ ಪ್ರತಿ ರೈತ ಸಂಪರ್ಕ ಕೇಂದ್ರದಲ್ಲಿ ಬೇಸಿಗೆ ಉಳುಮೆಗೆ ಮುಂಚೆ ಒಂದು ಬಾರಿ, ಮುಂಗಾರು ಬಿತ್ತನೆಗೆ ಮುಂಚೆ ಇನ್ನೊಂದು ಬಾರಿ, ಜಾರಾಟ ಅಳೆಯುವುದನ್ನೂ ನೀರು ತುಂಬಿಸಿ ತೆಗೆಯುವುದನ್ನೂ ಮಾಡಿ ತೋರಿಸಬೇಕೆಂದು ಕೃಷಿ ಇಲಾಖೆಯನ್ನು ಕೋರುತ್ತೇನೆ. ಅಲ್ಲಿಯವರೆಗೆ, ನೀರು ತುಂಬಿಸಿಕೊಂಡವರು ಕನಿಷ್ಠಪಕ್ಷ ರಿಮ್ಮಿನ ಮೇಲೆ ಬಣ್ಣದಲ್ಲಿ ‘ನೀರಿದೆ’ ಎಂದು ದೊಡ್ಡದಾಗಿ ಬರೆಸಲಿ. ನಾನು ಬರೆಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ರೈತ, ರೋಣ ತಾಲ್ಲೂಕು, ಗದಗ ಜಿಲ್ಲೆ