ಅತಿಥಿಯನ್ನು ಕೂಡಿಹಾಕಿದ ಹೆಂಗಸರು ಎಲ್ಲಿ?

ಮಾನ್ಯ ಸಂಪಾದಕರೇ,

ಲ್ಯಾಟಿನ್ ಅಮೆರಿಕದ ವಿಲಕ್ಷಣ ಕಥೆಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಬೋರ್ಹೆಸ್, ಕೊರ್ತಾಸರ್, ಮಾರ್ಕ್ವೆಸ್ ಅಂತ ಗಂಡು ಕಥೆಗಾರರೆಲ್ಲ ಇದ್ದಾರೆ, ಹೆಂಗಸು ಒಬ್ಬಳೂ ಇಲ್ಲ. ಬೋರ್ಹೆಸ್ ಮತ್ತು ಬಿಯೊಯ್ ಕಸಾರೆಸ್ 1940ರಲ್ಲಿ ಇಂಥ ಕಥೆಗಳ ಸಂಕಲನ ತಂದರು ಅಂತ ಬರೆದಿದ್ದೀರಿ. ಅದಕ್ಕೆ ಮೂರನೇ ಸಂಪಾದಕಿ ಇದ್ದರು, ಸಿಲ್ವಿನಾ ಒಕಾಂಪೊ. ಆಕೆಯೂ ದೊಡ್ಡ ಕಥೆಗಾರ್ತಿಯೇ.

ಮೆಕ್ಸಿಕೊದ ಅಂಪಾರೊ ದಾವಿಲಾ 1959ರ ಸಂಕಲನದಲ್ಲಿ ಸೇರಿಸಿದ ‘ಅತಿಥಿ’ ಅನ್ನುವ ಪುಟ್ಟ ಕಥೆ ನೋಡಿ. ಪ್ರವಾಸ ಮುಗಿಸಿ ಬರುವ ಗಂಡ ಯಾರನ್ನೋ ಮನೆಗೆ ಕರೆತರುತ್ತಾನೆ. ಅದು ಮನುಷ್ಯನೋ ಪ್ರಾಣಿಯೋ, ಕೊನೆವರೆಗೂ ಗೊತ್ತಾಗುವುದಿಲ್ಲ. ದೊಡ್ಡ ಹಳದಿ ಕಣ್ಣು, ರೆಪ್ಪೆ ಮಿಟುಕಿಸುವುದಿಲ್ಲ, ಅಷ್ಟೇ. ಹೆಂಡತಿ ಹೆದರಿ ಬೇಡಿಕೊಂಡರೆ, ನಿನಗೇ ತಲೆ ಕೆಡುತ್ತಿದೆ ಅನ್ನುತ್ತಾನೆ. ಅವನ ಪಾಲಿಗೆ ಅವಳು ಮನೆಯಲ್ಲಿನ ಒಂದು ಪೀಠೋಪಕರಣ. ಆ ಅತಿಥಿ ಕೆಲಸದಾಕೆ ಗ್ವಾದಲೂಪೆಯ ಕಂದನನ್ನು ಹೊಡೆಯುತ್ತಾನೆ. ಆಮೇಲೆ ಗಂಡ ಊರಲ್ಲಿಲ್ಲದ ಹೊತ್ತು ನೋಡಿ ಹೆಂಗಸರಿಬ್ಬರೂ ಸೇರಿ ಅವನ ಕೋಣೆ ಬಾಗಿಲಿಗೆ ಹಲಗೆ ಜಡಿದುಬಿಡುತ್ತಾರೆ. ಗಾಳಿ ಇಲ್ಲ, ಬೆಳಕಿಲ್ಲ, ಊಟ ಇಲ್ಲ. ಸುಮಾರು ಎರಡು ವಾರ ಒಳಗೇ ಬದುಕಿರುತ್ತಾನೆ. ಗಂಡ ವಾಪಸ್ ಬಂದಾಗ, ಅತಿಥಿ ದಿಢೀರನೆ ತೀರಿಕೊಂಡ ಅಂತ ಸುದ್ದಿ ಕೊಡುತ್ತಾರೆ. ಕಥೆ ಮುಗಿಯಿತು! ಭಾಷಣ ಇಲ್ಲ, ಪಶ್ಚಾತ್ತಾಪವಂತೂ ಇಲ್ಲವೇ ಇಲ್ಲ. ನನಗೆ ಜಾಸ್ತಿ ಹಿಡಿಸಿದ್ದು ಒಡತಿ ಮತ್ತು ಕೆಲಸದಾಕೆ ಕೂತು ಸಂಚು ಮಾಡುವ ರೀತಿ.

ಇವನ್ನೆಲ್ಲ ‘ಹೆಂಗಸರ ಮಾನಸಿಕ ತೊಳಲಾಟ’ ಅಂತ ಷರಾ ಬರೆದು ಬದಿಗಿಡುವವರಿದ್ದಾರೆ. ಆ ಗಂಡ ಹೇಳಿದ್ದೂ ಅದನ್ನೇ ಅಲ್ವಾ?

ಪೋರ್ಟೊ ರಿಕೊದ ರೊಸಾರಿಯೊ ಫೆರ್ರೆ ಇನ್ನೂ ಖಾರ. 1976ರ ಸಂಕಲನದಲ್ಲಿರುವ ಅವರ ಗೊಂಬೆಯ ಕಥೆಯಲ್ಲಿ, ಒಬ್ಬಳ ಕಾಲಿನೊಳಗೆ ಸಿಗಡಿ ಸೇರಿಕೊಳ್ಳುತ್ತದೆ. ವೈದ್ಯ ಗುಣಪಡಿಸಬಹುದಿತ್ತು, ಬೇಕಂತಲೇ ಬಿಡುತ್ತಾನೆ. ಆ ಫೀಸಿನಲ್ಲೇ ಮಗನನ್ನು ಡಾಕ್ಟರ್ ಓದಿಸುತ್ತಾನೆ. ಮಗ ಅವಳ ಕೊನೆಯ ಸೋದರ ಸೊಸೆಯನ್ನು ಮದುವೆಯಾಗಿ, ದೊಡ್ಡ ಮನೆತನದ ಹೆಣ್ಣು ತಂದಿದ್ದೇನೆ ಅಂತ ಊರಿಗೆ ತೋರಿಸಲು ದಿನಾ ಬಾಲ್ಕನಿಯಲ್ಲಿ ಕೂರಿಸುತ್ತಾನೆ. ಅವಳು ಗೊಂಬೆ ಹಾಗೆ ಸುಮ್ನೆ ಕೂರುತ್ತಾಳೆ, ವಯಸ್ಸೇ ಆಗುವುದಿಲ್ಲ. ಒಂದು ರಾತ್ರಿ ಅವನು ಅವಳ ಎದೆಗೆ ಕಿವಿಯಿಟ್ಟರೆ ನೀರಿನ ಸದ್ದು, ಅವಳು ಕಣ್ಣು ತೆರೆದರೆ ಒಳಗಿಂದ ಸಿಗಡಿಗಳ ಮೀಸೆ!

ಇಲ್ಲಿ ವಿಚಿತ್ರ ಅನ್ನುವುದು ಬರೀ ಅಲಂಕಾರ ಅಲ್ಲ. ಕಾನೂನು, ತವರು, ಪಾದ್ರಿ ಯಾರೂ ಕೊಡದ ದಾರಿ ಈ ಹೆಂಗಸರಿಗೆ ಅದರಲ್ಲಿ ಸಿಗುತ್ತದೆ. ಇದನ್ನು ಬಿಟ್ಟು ಬರೆದ ಲೇಖನ ಅರ್ಧವೇ.

ದಾವಿಲಾ ಅವರ ಕಥೆ ಕೆಲವೇ ಪುಟ. ಯಾರಿಂದಲಾದರೂ ಅನುವಾದ ಮಾಡಿಸಿ, ಮುಂದಿನ ಪುರವಣಿಯಲ್ಲಿ ಪೂರ್ತಿ ಹಾಕಿ.

ಇತಿ,
ನಿಮ್ಮ ಓದುಗಳೊಬ್ಬಳು, ಶಿವಮೊಗ್ಗ