ಸಿಯೆಮ್ ರೀಪ್‌ನಲ್ಲಿರುವ ಅಕ್ಕನ ಮಗಳಿಗೆ

ಹೊಸಪೇಟೆ

ಚಿರಂಜೀವಿ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಕಾಂಬೋಡಿಯಾದಿಂದ ನೀನು ಕಳಿಸಿದ ಉದ್ದನೆಯ ಮೆಸೇಜು ಓದಿದೆ. ನಿಮ್ಮತ್ತೆಗೂ ಓದಿ ಹೇಳಿದೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಓದುವುದು ನಿನಗೆ ನಿಧಾನ ಅಂತ ಗೊತ್ತು. ತೊಡಕಾದ ಕಡೆ ನಿಮ್ಮಮ್ಮನಿಗೆ ಫೋನ್ ಹಚ್ಚು.

ಅಲ್ಲಿಯ ಜನ ಏನೂ ಇಲ್ಲದೆಯೂ ಎಷ್ಟು ಖುಷಿಯಾಗಿದ್ದಾರೆ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಎಲ್ಲ ಇದ್ದೂ ನಾವು ಗೊಣಗುತ್ತಲೇ ಇರುತ್ತೇವೆ ಅಂತ ಬರೆದಿದ್ದೀಯ. ಆಮೇಲೆ, ಸ್ನೇಹಿತೆಯರು ಮುಂದೆ ಹೋದರೂ ನೀನು ಎರಡು ವಾರ ಅಲ್ಲೇ ಉಳಿದು ಒಂದು ಅನಾಥಾಲಯದಲ್ಲಿ ಇಂಗ್ಲಿಷ್ ಕಲಿಸುತ್ತೀ ಅಂದಿದ್ದೀಯ. ಮೊದಲನೆಯ ಮಾತಿಗೆ ನನ್ನ ತಕರಾರಿದೆ. ಎರಡನೆಯದಂತೂ ಬೇಡವೇ ಬೇಡ.

ನಾನು ದೇಶ ಸುತ್ತಿದವನಲ್ಲ. ಗ್ರಾಮೀಣ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುತ್ತಾ ನೌಕರಿ ಮುಗಿಸಿದವನು. ಆದರೆ ಬಹಳ ವರ್ಷ ಇದ್ದದ್ದು ಕಮಲಾಪುರದಲ್ಲಿ, ಹಂಪಿಯ ಮಗ್ಗುಲಲ್ಲೇ. ನೀನು ಈಗ ಅವರನ್ನು ನೋಡುತ್ತಿದ್ದೀಯಲ್ಲ, ಹಾಗೆ ಬಂದವರು ನಮ್ಮನ್ನು ನೋಡಿಕೊಂಡು ಹೋಗುತ್ತಿದ್ದರು. ನಾನು ಈ ಕಡೆ ನಿಂತು ನೋಡಿದವನು.

ಹಂಪಿ ಬಜಾರಿನ ಸಾಲುಮಂಟಪದಲ್ಲಿ ಒಬ್ಬ ಹೆಂಗಸು ಬಾಳೆಹಣ್ಣು ಮಾರುತ್ತಿದ್ದಳು. ನಮ್ಮ ಬ್ಯಾಂಕಿನಲ್ಲೇ ಅವಳ ಸಾಲ. ಮಂಟಪದ ಹಿಂಭಾಗವೇ ಮನೆ. ಒಂದು ಸಲ ಕಂತಿನ ವಿಚಾರಕ್ಕೆ ನಾನು ಹೋದಾಗ ಒಬ್ಬ ವಿದೇಶಿ ಹುಡುಗ ಚಾಪೆಯ ಮೇಲೆ ಕೂತಿದ್ದ. ಅವಳು ಚಹಾಕ್ಕೆ ಇಟ್ಟಳು. ಸಕ್ಕರೆ ಡಬ್ಬಿ ಬಾಗಿಸಿ ನೋಡಿದಳು, ತಳ ಕಂಡಿತು. ಮಗನನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದಳು. ಅವನು ಹಿತ್ತಲ ಬಾಗಿಲಿನಿಂದ ಓಡಿದ. ಕಾಗದದ ಪೊಟ್ಟಣದಲ್ಲಿ ಸಕ್ಕರೆ, ಒಂದು ಪ್ಯಾಕೆಟ್ ಬಿಸ್ಕತ್ತು ತಂದ. ಎಲ್ಲ ಉದ್ರಿ. ಅಂಗಡಿಯವನ ಪುಸ್ತಕದಲ್ಲಿ ಅವಳ ಲೆಕ್ಕಕ್ಕೆ ಇನ್ನೊಂದು ಸಾಲು ಸೇರಿತು. ಬಂದ ಹುಡುಗ ಚಹಾ ಕುಡಿದು, ಕಣ್ಣು ತುಂಬಿಕೊಂಡು, ಇವರ ಹತ್ತಿರ ಏನೂ ಇಲ್ಲ, ಆದರೂ ಎಷ್ಟು ಕೊಡುತ್ತಾರೆ ನೋಡಿ ಅಂತ ನನಗೆ ಹೇಳಿದ. ಒಳ್ಳೆಯ ಹುಡುಗನೇ. ಹಿತ್ತಲ ಬಾಗಿಲು ಅವನು ಕೂತ ಜಾಗಕ್ಕೆ ಕಾಣುತ್ತಿರಲಿಲ್ಲ, ಅಷ್ಟೆ.

ಅವಳ ನಗು ಸುಳ್ಳಾಗಿರಲಿಲ್ಲ. ಮನೆಗೆ ಬಂದವರ ಮುಂದೆ ಯಾರಾದರೂ ಅತ್ತುಕೊಂಡು ಕೂರುತ್ತಾರಾ? ನೆಂಟರು ಬಂದರೆ ನಿಮ್ಮತ್ತೆಯೂ ಮಂಡಿನೋವು ನುಂಗಿಕೊಂಡು ನಗುತ್ತಾಳೆ. ಆ ನಗುವನ್ನು ನೋಡಿ ಇವಳಿಗೆ ಮಂಡಿನೋವೇ ಇಲ್ಲ ಅಂದರೆ ಹೇಗೆ? ಬಡವರು ನಗಬಾರದು ಅಂತಲ್ಲ. ಅವರ ನಗುವಿನಿಂದ ನಿನಗೊಂದು ಪಾಠ ಮಾಡಿಕೊಂಡು, ಮನಸ್ಸು ಹಗುರ ಮಾಡಿಕೊಂಡು ವಿಮಾನ ಹತ್ತಬೇಡ ಅಂತ ಹೇಳುತ್ತಿದ್ದೇನೆ. ಹಾಗಂತ ಚಹಾ ಕೊಟ್ಟರೆ ಬೇಡ ಅನ್ನಬೇಡ. ಕುಡಿ. ಹೋಗುವಾಗ ಒಂದಿಷ್ಟು ಹಣ್ಣು ಹಿಡಿದುಕೊಂಡು ಹೋಗು, ಯಾರ ಮನೆಗಾದರೂ ಹೋಗುವ ಹಾಗೆ. ಅವರು ಏನಾದರೂ ಮಾರುವವರಾದರೆ ಅದನ್ನೂ ಕೊಳ್ಳು.

ನಿಮ್ಮ ಟುಕ್‌ಟುಕ್ ಡ್ರೈವರ್ ಬಗ್ಗೆ ಬಹಳ ಪ್ರೀತಿಯಿಂದ ಬರೆದಿದ್ದೀಯ. ಹಳೆಯ ಗುಡಿಗಳಿರುವ ಆಂಗ್ಕೋರ್‌ನಲ್ಲಿ ದಿನವಿಡೀ ನಿಮಗಾಗಿ ಕಾದನಂತೆ, ತಣ್ಣನೆಯ ನೀರು ಕೊಟ್ಟನಂತೆ. ಒಳ್ಳೆಯದು. ನಾಳೆ ಅವನ ಹತ್ತಿರ ಲೆಕ್ಕ ಮಾತಾಡು. ಗಾಡಿ ಸ್ವಂತದ್ದಾ, ಸಾಲದ್ದಾ? ಸಾಲ ಡಾಲರಿನಲ್ಲಾ? ಅಡಮಾನಕ್ಕೆ ಏನು ಇಟ್ಟಿದ್ದಾನೆ? ಕಾಂಬೋಡಿಯಾದಲ್ಲಿ ಕಿರುಸಾಲಕ್ಕೆ ಜಮೀನಿನ ಪತ್ರವನ್ನೇ ಅಡವಿಡುವುದು ಬಹಳ ಸಾಮಾನ್ಯ. 2017ರಿಂದ ವರ್ಷಕ್ಕೆ 18%ಗಿಂತ ಜಾಸ್ತಿ ಬಡ್ಡಿ ಹಾಕುವಂತಿಲ್ಲ ಅಂತ ನಿಯಮ ಬಂತು. ಆದರೆ ಕಂತು ತಪ್ಪಿದರೆ ಹೊಲವೇ ಹೋಗುವ ಭಯ ಹಾಗೆಯೇ ಇದೆ. 2019ರಲ್ಲಿ ಆ ದೇಶಕ್ಕೆ ಸುಮಾರು 66 ಲಕ್ಷ ವಿದೇಶಿಯರು ಬಂದಿದ್ದರು. ಕೋವಿಡ್ ಕಾಲದ 2021ರಲ್ಲಿ 2 ಲಕ್ಷ ಜನವೂ ಬರಲಿಲ್ಲ. ಸವಾರಿ ನಿಂತಿತು, ಸಾಲ ಮಾತ್ರ ಎಲ್ಲಿಗೂ ಹೋಗಲಿಲ್ಲ. ನಿನ್ನ ಡ್ರೈವರ್ ಆ ಎರಡು ವರ್ಷ ಹೇಗೆ ದಾಟಿದ ಅಂತ ಕೇಳು. ಹೇಳಲು ಮನಸ್ಸಿಲ್ಲದಿದ್ದರೆ ಬಿಡು, ಕೆದಕಬೇಡ. ಹೇಳಿದರೆ ಪೂರ್ತಿ ಕೇಳಿಸಿಕೋ. ನಮ್ಮಲ್ಲೂ ಬೇರೆಯೇನಲ್ಲ. ಸಂಘದ ಸಾಲದವರ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರಿದ್ದಾರೆ. 2025ರಲ್ಲಿ ಅದಕ್ಕೇ ಅಂತ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು.

ಕೂಲಿಯ ಲೆಕ್ಕವೂ ಇರಲಿ. ಆಂಗ್ಕೋರ್ ನೋಡುವ ಮೂರು ದಿನದ ಪಾಸಿಗೆ 62 ಡಾಲರ್ ಕೊಟ್ಟೆ ಅಂದೆ. ಅಲ್ಲಿಯ ಗಾರ್ಮೆಂಟ್ ಕಾರ್ಖಾನೆಯಲ್ಲಿ ದುಡಿಯುವವರ ಕನಿಷ್ಠ ಕೂಲಿ 2025ರಲ್ಲಿ ತಿಂಗಳಿಗೆ 208 ಡಾಲರ್. ನಿನ್ನನ್ನು ನಾಚಿಸಲು ಹೇಳುತ್ತಿಲ್ಲ. ನಾಚಿಕೆಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ನಿನ್ನ ಬ್ಯಾಗಿನಲ್ಲಿರುವ ಬಟ್ಟೆಗಳ ಲೇಬಲ್ ಒಮ್ಮೆ ತಿರುಗಿಸಿ ನೋಡು, ಸುಮ್ನೆ. ಅವುಗಳಲ್ಲಿ ಒಂದೆರಡಾದರೂ ಆ ದೇಶದಲ್ಲೇ ಹೊಲಿದದ್ದು ಇದ್ದೀತು. ಅವರ ಬಡತನಕ್ಕೂ ನಿಮ್ಮೂರಿನ ಅಗ್ಗದ ಅಂಗಿಗೂ ನಡುವೆ ದಾರಿ ಇದೆ.

ಟೊನ್ಲೆ ಸಾಪ್ ಸರೋವರದ ತೇಲುವ ಹಳ್ಳಿ ಸ್ವರ್ಗದ ಹಾಗಿತ್ತು ಅಂತ ಬರೆದದ್ದು ನೋಡಿ ನನಗೆ ಸ್ವಲ್ಪ ಕಸಿವಿಸಿಯಾಯಿತು. ಆ ಸರೋವರ ದೊಡ್ಡ ಸೋಜಿಗವೇ, ನಿಜ. ಮಳೆಗಾಲದಲ್ಲಿ ಮೆಕಾಂಗ್ ನದಿ ಉಕ್ಕಿ, ಸರೋವರದಿಂದ ಹೊರಡುವ ನದಿ ಹಿಮ್ಮುಖವಾಗಿ ಹರಿದು, ಸರೋವರ ಬೇಸಿಗೆಯ ನಾಲ್ಕೈದು ಪಟ್ಟು ಹಿಗ್ಗುತ್ತದೆ. ಆದರೆ ನೀರಿನ ಮೇಲೆಯೇ ಬದುಕುವವರಲ್ಲಿ ಹಲವರು ವಿಯೆಟ್ನಾಂ ಮೂಲದವರು. ತಲೆಮಾರುಗಳಿಂದ ಅಲ್ಲೇ ಇದ್ದರೂ ಎಷ್ಟೋ ಜನರಿಗೆ ಪೌರತ್ವದ ಕಾಗದ ಇಲ್ಲ. ಕಾಂಬೋಡಿಯಾದಲ್ಲಿ ಪ್ರಜೆಯಲ್ಲದವರು ಜಮೀನು ಹೊಂದುವಂತಿಲ್ಲ. ನೆಲದ ಮೇಲೆ ಜಾಗ ಸಿಗದವರು ನೀರಿನ ಮೇಲಿದ್ದಾರೆ. ಅದು ದೋಣಿಯಲ್ಲಿ ಬಂದವರ ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುತ್ತದೆ.

ಆಂಗ್ಕೋರ್ ಕಥೆಯಂತೂ ನಮ್ಮದೇ. 2022ರಿಂದ ಈಚೆಗೆ ಪಾರಂಪರಿಕ ತಾಣದ ಒಳಗಿದ್ದ ಸುಮಾರು 10,000 ಕುಟುಂಬಗಳನ್ನು ರುನ್ ತಾ ಎಕ್ ಎಂಬಲ್ಲಿಗೆ ಸಾಗಿಸಲು ಹೊರಟರು. ಅವರೇ ಒಪ್ಪಿ ಹೋದರು ಅಂತ ಸರ್ಕಾರ. ಒತ್ತಾಯಕ್ಕೆ ಹೋದರು ಅಂತ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿಯವರು. ಅದನ್ನು ಓದಿದಾಗ ನನಗೆ ಹಂಪಿ ಬಜಾರೇ ಕಣ್ಣ ಮುಂದೆ ಬಂತು. 2011ರ ಜುಲೈನಲ್ಲಿ ಜೆಸಿಬಿ ತಂದು ಮಂಟಪದ ಮನೆ, ಅಂಗಡಿ ಕೆಡವಿದರು. ಬಾಳೆಹಣ್ಣಿನವಳ ಮನೆಯೂ ಹೋಯಿತು. ಗುಡಿ ಉಳಿಯಬೇಕು, ಸರಿ. ನಮ್ಮ ಪುರಾತತ್ವ ಇಲಾಖೆಯವರೇ 1986ರಿಂದ 1993ರವರೆಗೆ ಆಂಗ್ಕೋರ್ ವಾಟ್ ದುರಸ್ತಿ ಮಾಡಿದ್ದಾರೆ, ನನಗೂ ಹೆಮ್ಮೆ. ಆದರೆ ಖಾಲಿ ಅಂಗಳದ ಫೋಟೋ ತೆಗೆಯುವಾಗ, ಇಲ್ಲಿ ಮೊದಲು ಯಾರಿದ್ದರು ಅಂತ ಗೈಡಿಗೆ ಕೇಳಬಹುದು ಅಲ್ವಾ?

ಇದಕ್ಕೆಲ್ಲ ಮೂಲ ಏನು ಅಂತಲೂ ತಿಳಿದುಕೋ. ಮೊದಲು ಅಮೆರಿಕದ ಬಾಂಬು. ಆಮೇಲೆ 1975ರಿಂದ 1979ರವರೆಗೆ ಖ್ಮೇರ್ ರೂಜ್ ಅನ್ನುವ ಉಗ್ರ ಕಮ್ಯುನಿಸ್ಟರ ಆಳ್ವಿಕೆ. ಸುಮಾರು 17 ಲಕ್ಷ ಜನ ಸತ್ತರು. ಮೇಷ್ಟರು, ಡಾಕ್ಟರು, ಓದಿದವರು ಅಂದರೆ ಅವರ ಕೋಪಕ್ಕೆ ಮೊದಲು ಗುರಿ. ಅದು ಮುಗಿದ ಮೇಲೂ ಹಲವು ವರ್ಷ ವಿಶ್ವಸಂಸ್ಥೆಯಲ್ಲಿ ಆ ದೇಶದ ಕುರ್ಚಿ ಖ್ಮೇರ್ ರೂಜ್ ಕಡೆಯವರಿಗೇ ಇತ್ತು, ನಿಮ್ಮ ಬ್ರಿಟನ್ನಿನ ಒಪ್ಪಿಗೆಯೊಂದಿಗೆ. ನಿಮ್ಮ ಡ್ರೈವರಿನ ಅಪ್ಪ ಅಮ್ಮ ಆ ಕಾಲ ದಾಟಿ ಬಂದವರೇ ಇರಬೇಕು.

ಈಗ ಅನಾಥಾಲಯದ ವಿಷಯ. ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಅಲ್ಲಿಯ ಸರ್ಕಾರ ಯುನಿಸೆಫ್ ಜೊತೆ ಸೇರಿ ಮಾಡಿದ ಸಮೀಕ್ಷೆ 2017ರಲ್ಲಿ ಹೊರಬಂತು. 406 ಮಕ್ಕಳ ಪಾಲನಾ ಸಂಸ್ಥೆಗಳು, ಅವುಗಳಲ್ಲಿ 16,579 ಮಕ್ಕಳು. ಇಂಥ ಕಡೆ ಇರುವ ಹತ್ತು ಮಕ್ಕಳಲ್ಲಿ ಏಳೆಂಟು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ. ಯುದ್ಧ ಮುಗಿದು ದಶಕಗಳಾದ ಮೇಲೆ, ಪ್ರವಾಸಿಗರು ಜಾಸ್ತಿಯಾದ ಹಾಗೆ, ಅನಾಥಾಲಯಗಳೂ ಜಾಸ್ತಿಯಾದವು. ಯಾಕೆ ಅಂತ ನೀನೇ ಯೋಚಿಸು. ಊಟ, ಓದು ಸಿಗುತ್ತದೆ ಅಂತ ಹಳ್ಳಿಯ ಬಡ ಅಪ್ಪ ಅಮ್ಮ ಮಗುವನ್ನು ಬಿಟ್ಟು ಹೋಗುತ್ತಾರೆ. ಮಗು ಇದ್ದರೆ ನಿನ್ನಂಥವರು ಬರುತ್ತಾರೆ. ನಿನ್ನಂಥವರು ಬಂದರೆ ದುಡ್ಡು ಬರುತ್ತದೆ. ಮಕ್ಕಳು ಸ್ವಲ್ಪ ಬಡಕಲಾಗಿ, ಹರಿದ ಬಟ್ಟೆಯಲ್ಲಿ ಕಂಡರೆ ಇನ್ನೂ ಜಾಸ್ತಿ ಬರುತ್ತದೆ. ನೀನು ಹೋಗಲಿರುವ ಜಾಗ ಅಂಥದ್ದೇ ಅಂತ ನಾನು ಹೇಳಲಾರೆ. ಆದರೆ ಅಲ್ಲಿ ಉಳಿಯಲು ವಾರಕ್ಕೆ ಇಷ್ಟು ಅಂತ ನಿನ್ನಿಂದಲೇ ದುಡ್ಡು ಕೇಳಿದ್ದಾರೆ, ಪಾಸ್‌ಪೋರ್ಟಿನ ಪ್ರತಿ ಕೂಡ ಕೇಳಿಲ್ಲ ಅಂತ ನೀನೇ ಬರೆದಿದ್ದೀಯ. ಲೀಡ್ಸ್‌ನ ಯಾವುದಾದರೂ ಶಾಲೆಯಲ್ಲಿ, ತರಬೇತಿ ಇಲ್ಲದ, ಪೊಲೀಸ್ ದಾಖಲೆ ಪರಿಶೀಲಿಸದ ಹುಡುಗಿಯನ್ನು ಮಕ್ಕಳ ಜೊತೆ ಮಲಗುವ ಕೋಣೆಯವರೆಗೂ ಬಿಡುತ್ತಾರಾ? ನಿನ್ನನ್ನು ಬಿಟ್ಟವರು ನಾಳೆ ಇನ್ಯಾರನ್ನು ಬಿಡುತ್ತಾರೋ.

ಇನ್ನು ಆ ಮಕ್ಕಳ ಕಡೆಯಿಂದ ನೋಡು. ಜಾಗ ನೋಡಲು ಹೋದ ದಿನವೇ ಓಡಿ ಬಂದು ತಬ್ಬಿಕೊಂಡರು ಅಂತ ನೀನು ಹಿಗ್ಗಿದ್ದೀಯ. ಗುರುತೇ ಇಲ್ಲದವರನ್ನು ಹಾಗೆ ತಬ್ಬುವ ಮಗು, ತಬ್ಬಿ ತಬ್ಬಿ ಎಷ್ಟು ಜನರನ್ನು ಕಳಿಸಿಕೊಟ್ಟಿದೆಯೋ. ನೀನು ಕೂಸಾಗಿದ್ದಾಗ ನಿಮ್ಮಮ್ಮ ನಿನ್ನನ್ನು ಇಲ್ಲಿಗೆ ಕರೆದುಕೊಂಡು ಬಂದರೆ, ನಾನು ಎತ್ತಿಕೊಂಡರೂ ವಾರಗಟ್ಟಲೆ ಕಿರುಚುತ್ತಿದ್ದೆ. ಅದು ಸರಿಯಾಗಿ ಬೆಳೆದ ಮಗುವಿನ ಲಕ್ಷಣ ಅಂತ ನಿಮ್ಮಜ್ಜಿ ಹೇಳುತ್ತಿದ್ದಳು.

ಗುಡಿಯ ಮುಂದೆ ಪೋಸ್ಟ್‌ಕಾರ್ಡು, ಬಳೆ ಹಿಡಿದು 'ಒನ್ ಡಾಲರ್' ಅನ್ನುವ ಮಕ್ಕಳಿಂದಲೂ ಕೊಳ್ಳಬೇಡ. ಅಲ್ಲಿ ಎಷ್ಟೋ ಶಾಲೆಗಳು ಎರಡು ಪಾಳಿಯಲ್ಲಿ ನಡೆಯುತ್ತವೆ, ಆದ್ದರಿಂದ ಬೆಳಿಗ್ಗೆ ಕಂಡ ಮಗು ಮಧ್ಯಾಹ್ನ ಶಾಲೆಗೆ ಹೋಗುತ್ತಿರಬಹುದು. ವ್ಯಾಪಾರ ಚೆನ್ನಾಗಿ ಆದರೆ ಆ ಪಾಳಿಯೂ ತಪ್ಪುತ್ತದೆ. ಅದೇ ಬಳೆಯನ್ನು ದೊಡ್ಡವರ ಅಂಗಡಿಯಲ್ಲಿ ಕೊಳ್ಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು, ದುಡ್ಡು ಬೇಡ, ಹಾಲಿನ ಪುಡಿ ಕೊಡಿಸು ಅನ್ನುವ ಹೆಂಗಸರೂ ಸಿಗುತ್ತಾರಂತೆ. ನೀನು ಕೊಡಿಸಿದ ಡಬ್ಬಿ ಮತ್ತೆ ಅದೇ ಅಂಗಡಿಗೆ ವಾಪಸ್, ಇಬ್ಬರಿಗೂ ಪಾಲು. ಅದಕ್ಕೆ ಸಿಟ್ಟಾಗಬೇಡ. ಹಂಪಿಯಲ್ಲೂ ಹುಡುಗರು 'ಸ್ಕೂಲ್ ಪೆನ್, ಸ್ಕೂಲ್ ಪೆನ್' ಅಂತ ಬೆನ್ನು ಹತ್ತಿ, ಸಿಕ್ಕ ಪೆನ್ನನ್ನು ಸಂಜೆಗೆ ಮಾರಿ ಮಿಠಾಯಿ ತಿನ್ನುತ್ತಿದ್ದರು. ಬುದ್ಧಿವಂತರು. ಬಡವರು ಅಂದರೆ ಸಾಧುಗಳೇ ಆಗಿರಬೇಕು ಅಂತ ಎಲ್ಲಿದೆ?

ಏನೂ ಮಾಡದೆ ಬರಲು ಮನಸ್ಸು ಒಪ್ಪುವುದಿಲ್ಲ, ನಿನ್ನ ಸ್ವಭಾವ ಗೊತ್ತು. ಅದಕ್ಕೊಂದು ದಾರಿ ಹೇಳುತ್ತೇನೆ. ಸಿಯೆಮ್ ರೀಪ್‌ನಲ್ಲಿ ಕಂಥಾ ಬೋಫಾ ಅನ್ನುವ ಸಂಸ್ಥೆಯವರ ಮಕ್ಕಳ ಆಸ್ಪತ್ರೆ ಇದೆ, ಅಲ್ಲಿಯ ಹಳೆಯ ರಾಜ ಏಳನೇ ಜಯವರ್ಮನ ಹೆಸರಿನದು. ಸ್ವಿಟ್ಜರ್‌ಲ್ಯಾಂಡಿನ ಡಾಕ್ಟರ್ ಬೀಟ್ ರಿಚ್ನರ್ ಕಟ್ಟಿದ್ದು. ಮಕ್ಕಳಿಗೆ ಅಲ್ಲಿ ಪುಕ್ಕಟೆ ಚಿಕಿತ್ಸೆ. ಆ ಮನುಷ್ಯ 2018ರಲ್ಲಿ ತೀರಿಕೊಂಡ. ಬದುಕಿದ್ದಾಗ ವಾರಾಂತ್ಯಗಳಲ್ಲಿ ಪ್ರವಾಸಿಗರ ಮುಂದೆ ಸೆಲ್ಲೊ ಅನ್ನುವ ದೊಡ್ಡ ಪಿಟೀಲು ನುಡಿಸಿ, ವಯಸ್ಸಾದವರಿಂದ ದುಡ್ಡು, ಹುಡುಗರಿಂದ ರಕ್ತ ಕೇಳುತ್ತಿದ್ದ. ನಿನ್ನ ಆಂಗ್ಕೋರ್ ಟಿಕೆಟ್ಟಿನಲ್ಲಿ 2 ಡಾಲರ್ ಆಗಲೇ ಆ ಆಸ್ಪತ್ರೆಗೆ ಹೋಗಿದೆ. ಈಗ ಮಳೆಗಾಲ, ಡೆಂಗ್ಯೂ ಮಕ್ಕಳು ತುಂಬಿರುತ್ತಾರೆ. ಆರೋಗ್ಯ ಸರಿಯಿದ್ದರೆ ಹೋಗಿ ರಕ್ತ ಕೊಟ್ಟು ಬಾ. ಯಾವ ಮಗುವಿಗೆ ಹೋಯಿತು ಅಂತ ಗೊತ್ತಾಗುವುದಿಲ್ಲ, ಅದರ ಜೊತೆ ಫೋಟೋ ಸಿಗುವುದಿಲ್ಲ. ಅದೇ ಒಳ್ಳೆಯದು. ಅನಾಥಾಲಯಕ್ಕೆ ಎತ್ತಿಟ್ಟ ದುಡ್ಡಿನಲ್ಲಿ ಆ ಎರಡು ವಾರ ಊರಲ್ಲೇ ಇರು. ಅಲ್ಲಿಯವರೇ ನಡೆಸುವ ಸಣ್ಣ ವಸತಿಗೃಹದಲ್ಲಿ ಇದ್ದು, ಅವರ ಅಂಗಡಿಯಲ್ಲಿ ಉಂಡು, ಅದೇ ಡ್ರೈವರನ್ನು ಕರೆದುಕೊಂಡು ತಿರುಗು. ಅರ್ಧ ಡಾಲರಿಗೆ ಚೌಕಾಸಿ ಮಾಡಬೇಡ. ಕರುಣೆಗೆ ಮೂರು ಪಟ್ಟು ಕೊಟ್ಟು ಊರಿನ ದರವನ್ನೂ ಕೆಡಿಸಬೇಡ.

ಡ್ರೈವರನ್ನು ಕೇಳಿ ಗಾಡಿಯ ಕಂತು ಎಷ್ಟು, ಇನ್ನು ಎಷ್ಟು ತಿಂಗಳು ಉಳಿದಿದೆ ಅಂತ ನನಗೆ ಬರೆ. ಬಡ್ಡಿಯನ್ನು ತೀರಿಸಿ ಉಳಿದ ಅಸಲಿಗೆ ಮಾತ್ರ ಹಾಕಿದ್ದಾರಾ, ಪೂರ್ತಿ ಅಸಲಿನ ಮೇಲೆ ಹಾಕಿದ್ದಾರಾ ನೋಡಿ ಹೇಳುತ್ತೇನೆ. ಅವನಿಗೂ ಉಪಯೋಗಕ್ಕೆ ಬಂದೀತು. ಸೊಳ್ಳೆಪರದೆ ಕಟ್ಟಿಕೊಂಡು ಮಲಗು. ನಿಮ್ಮಮ್ಮನಿಗೆ ದಿನಾ ಒಂದು ಫೋನ್ ಮಾಡು, ಅವಳು ನನ್ನ ತಲೆ ತಿನ್ನುತ್ತಿದ್ದಾಳೆ. ಡಿಸೆಂಬರಿಗೆ ನೀನು ಬರುವುದು ಗಟ್ಟಿಯಾದರೆ ಮೊದಲೇ ತಿಳಿಸು, ನಿಮ್ಮತ್ತೆ ಹಪ್ಪಳ ಮಾಡಿಡುತ್ತಾಳಂತೆ.

ಇಂತಿ ನಿನ್ನ,
ಸೋದರಮಾವ