ಹಂಪಿ ರಸ್ತೆಯ ನಕ್ಷೆ ಮೊದಲು ಊರಿನವರ ಮುಂದೆ ಬರಲಿ

ಮಾನ್ಯರೇ,

ರಜೆ ಬಂತೆಂದರೆ ಕಮಲಾಪುರದಿಂದ ಹಂಪಿವರೆಗೆ ಗಾಡಿಗಳ ಸಾಲು. ಆಗೆಲ್ಲ ‘ಈ ರಸ್ತೆ ಅಗಲ ಮಾಡಿಬಿಡಿ’ ಎಂಬ ಮಾತು ಏಳುತ್ತದೆ. ಎಲ್ಲಿ ಅಂತ ಅಗಲ ಮಾಡ್ತೀರಿ? ದಾರಿಯುದ್ದಕ್ಕೂ ಅಕ್ಕತಂಗಿ ಗುಡ್ಡ, ಉಗ್ರನರಸಿಂಹ, ಸಾಸಿವೆಕಾಳು ಗಣಪ ಇದ್ದಾರೆ. ಉಳಿದ ಜಾಗದಲ್ಲಿ ನಮ್ಮ ಬಾಳೆ, ಕಬ್ಬು, ಭತ್ತ. ಅದಕ್ಕೆ ನೀರು ಕೊಡುವ ತುರ್ತಾ ಕಾಲುವೆ ವಿಜಯನಗರದ ಅರಸರ ಕಾಲದ್ದು. ಈಗಲೂ ಹರಿಯುತ್ತಿದೆ. ಹಂಪಿಯಲ್ಲಿ ಕಟ್ಟಿದ ಉದ್ದೇಶಕ್ಕೇ ಇವತ್ತಿಗೂ ದುಡಿಯುತ್ತಿರುವುದು ವಿರೂಪಾಕ್ಷನ ಗುಡಿ ಬಿಟ್ಟರೆ ಈ ಕಾಲುವೆಗಳೇ ಅಲ್ವಾ? ರಸ್ತೆ ಕೆಲಸಕ್ಕೆ ಮಣ್ಣು ಸುರಿದು ಮೋರಿ ಕಟ್ಟಿಕೊಂಡರೆ ಮೊದಲು ಒಣಗುವುದು ಕೆಳಗಿನ ಗದ್ದೆ. ಅದು ನಕ್ಷೆ ಬರೆಯುವವರಿಗೆ ಕಾಣುವುದಿಲ್ಲ, ನೀರು ಕಟ್ಟುವವನಿಗೆ ಗೊತ್ತು.

ತಳವಾರಘಟ್ಟದ ಬಾಗಿಲನ್ನು ಒಮ್ಮೆ ಹತ್ತಿರ ನಿಂತು ನೋಡಿ. ಕಮಲಾಪುರದಿಂದ ತಳವಾರಘಟ್ಟದ ಕಡೆ ಹೋಗುವ ರಸ್ತೆ ಆ ಹಳೇ ಕೋಟೆ ಬಾಗಿಲೊಳಗಿಂದಲೇ ಹಾಯುತ್ತದೆ. ಗಾಡಿಯ ಬಾಡಿ ತಾಗುವ ಎತ್ತರದಲ್ಲಿ ಕಲ್ಲು ಉಜ್ಜಿ ಬೆಳ್ಳಗಾಗಿದೆ. ಅಂಚು ಚಕ್ಕೆ ಎದ್ದಿದೆ. ಹಾಗಂತ ‘ಗಾಡಿ ಬಿಡಬೇಡಿ’ ಎಂದು ಒಂದೇ ಮಾತಲ್ಲಿ ಮುಗಿಸಲೂ ಆಗದು. ಸುಗಂಧಿ ಬಾಳೆ ಗೊನೆ ಹೇರಿದ ಟ್ರ್ಯಾಕ್ಟರ್ ಎಲ್ಲಿಂದ ಹೋಗಬೇಕು? ಶಾಲೆ ಮಕ್ಕಳು? ಜಾತ್ರೆಗೆ ಎತ್ತಿನ ಬಂಡಿ ಕಟ್ಟಿಕೊಂಡು ಬರುವವರು?

ಊರಿನವರನ್ನು ಕೇಳದೆ ಹೊರಟರೆ ಏನಾಗುತ್ತದೆ ಎಂದು ಆನೆಗೊಂದಿ ಸೇತುವೆಯಲ್ಲಿ ಕಂಡಿದ್ದೇವೆ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತ್ತು. ಸ್ಮಾರಕಗಳ ನಡುವೆಯೇ ಸೇತುವೆ ಎದ್ದಿತು. ಅದೇ ಕಾರಣಕ್ಕೆ 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆ ತಾಣಗಳ ಪಟ್ಟಿಗೆ ಸೇರಿಸಿತು. ಅದರಿಂದ ಹೊರಬರಲು 2006ರವರೆಗೆ ಕಾಯಬೇಕಾಯಿತು. ನಿಂತಿದ್ದ ಕೆಲಸ ಮತ್ತೆ ಶುರುವಾಗಿ, 2009ರ ಜನವರಿಯಲ್ಲಿ ಸೇತುವೆ ಕುಸಿದು ಕೂಲಿಯವರು ಸತ್ತರು. ಆನೆಗೊಂದಿಯವರಿಗೆ ಸೇತುವೆ ಬೇಕೇ ಇತ್ತು. ಎಷ್ಟು ದಿನ ಅಂತ ಹರಿಗೋಲಲ್ಲಿ ಹೊಳೆ ದಾಟೋದು? ಬೇಕಾದ್ದು ಸರಿಯೇ, ಜಾಗ ತಪ್ಪಿತ್ತು. ಕೊನೆಗೆ ಸೇತುವೆ ಬಂದಿದ್ದು ಹೊಳೆಯ ಕೆಳಗಡೆ, ಬುಕ್ಕಸಾಗರ–ಕಡೇಬಾಗಿಲು ನಡುವೆ. ಆ ಮಾತು ಮೊದಲೇ ಆಗಿದ್ದರೆ ಆ ಜೀವಗಳು ಉಳಿಯುತ್ತಿದ್ದವು.

ನನಗೆ ಅನ್ನಿಸುವುದು ಇಷ್ಟು. ಪ್ರವಾಸಿಗರ ದೊಡ್ಡ ಬಸ್ಸುಗಳು ಕಮಲಾಪುರದಲ್ಲೇ ನಿಲ್ಲಲಿ. ಅಲ್ಲಿಂದ ಮುಂದೆ ಸಣ್ಣ ಬಸ್ಸು ಓಡಲಿ. ಗೆಜ್ಜಲ ಮಂಟಪದಿಂದ ವಿಜಯವಿಠ್ಠಲ ಗುಡಿಗೆ ಬ್ಯಾಟರಿ ಗಾಡಿಯಲ್ಲಿ ಜನ ಹೋಗುತ್ತಿಲ್ಲವೇ? ನಡೆಯುವವರಿಗೆ, ಸೈಕಲ್ಲಿನವರಿಗೆ ರಸ್ತೆ ಬದಿ ಒಂದು ಮಣ್ಣಿನ ದಾರಿ ಇದ್ದರೆ ಸಾಕು. ಡಾಂಬರು ಅಗಲವಾದರೆ ಗಾಡಿ ಜಾಸ್ತಿ ಬರುತ್ತವೆ, ಮತ್ತೆ ಅದೇ ಸಾಲು. ಇದು ನನ್ನ ಲೆಕ್ಕ. ಅಂಗಡಿಯವರದು, ಆಟೊದವರದು, ಗೈಡುಗಳದು ಬೇರೆ ಇರಬಹುದು. ಅದನ್ನೆಲ್ಲ ಒಂದೇ ಕಡೆ ಕೂತು ಕೇಳಬೇಕು.

ನಕ್ಷೆ ಅಂತಿಮವಾದ ಮೇಲೆ ಕರೆದು ಸಹಿ ಹಾಕಿಸಿಕೊಳ್ಳುವ ಸಭೆ ನಮಗೆ ಬೇಡ. ಕರಡು ಇರುವಾಗಲೇ ಕನ್ನಡದಲ್ಲಿ ಬರೆದು ಕಮಲಾಪುರ, ಹಂಪಿ, ಕಡ್ಡಿರಾಂಪುರದಲ್ಲಿ ಎಲ್ಲರಿಗೂ ಕಾಣುವ ಗೋಡೆಗೆ ಅಂಟಿಸಿ. ಅಧಿಕಾರಿಗಳು ನಮ್ಮ ಜತೆ ಆ ರಸ್ತೆಯಲ್ಲಿ ನಡೆದು ಬರಲಿ. ಸಭೆಯನ್ನು ಸಂಜೆ ಇಡಿ, ಹಗಲು ನಾವೆಲ್ಲ ಹೊಲದಲ್ಲಿರುತ್ತೇವೆ.

– ಒಬ್ಬ ಬಾಳೆ ಬೆಳೆಗಾರ, ಕಮಲಾಪುರ